ಇಲಿಜ್ವರ ಬಂದ ದಾರಿ

ಮೊದಲು ನೋವು ಬಂದದ್ದು ಮೀನಖಂಡಕ್ಕೆ.

ಗೋಡೌನಿನ ಕೆಲಸ ಮುಗಿಸಿ ಬಂದ ನಮ್ಮ ಯಜಮಾನರು ಮೊಪೆಡ್ಡಿನಿಂದ ಇಳಿಯಲಾರದೆ ಅಂಗಳದಲ್ಲೇ ನಿಂತುಬಿಟ್ಟಿದ್ದರು. ಗಾಡಿ ಆಫ್ ಮಾಡಿದ್ದಾರೆ, ಎರಡೂ ಕಾಲು ನೆಲಕ್ಕೆ ಊರಿದ್ದಾರೆ, ಆದರೆ ಒಂದು ಕಾಲೆತ್ತಿ ಈಚೆಗೆ ಹಾಕಲು ಆಗುತ್ತಿಲ್ಲ. ಹಾಲು ಕರೆಯುತ್ತಿದ್ದ ನಾನು ಕೈ ಒರೆಸಿಕೊಂಡು ಓಡಿದೆ.

"ಮೀನಖಂಡ ಕಲ್ಲಾಗ್ಬಿಟ್ಟೈತೆ ಕಣೇ ರತ್ನಾ. ಒಸಿ ಕೈ ಕೊಡು," ಅಂದರು.

ಕೈ ಹಿಡಿದೆ. ಸುಡುತ್ತಿತ್ತು.

ಇವರ ಹೆಸರು ನಾರಾಯಣಸ್ವಾಮಿ. ವಯಸ್ಸು ಐವತ್ತರ ಹತ್ತಿರ. ಕ್ಯಾಲನೂರು ಹೋಬಳಿಯ ನಮ್ಮ ಊರಿನಿಂದ ಕೋಲಾರದ ಹೊರಗಿನ ಒಂದು ಗೋಡೌನಿಗೆ ದಿನಾ ಹೋಗಿ ಬರುತ್ತಿದ್ದರು. ಹುಣಸೆಹಣ್ಣು, ಒಣಮೆಣಸಿನಕಾಯಿ, ಖರ್ಜೂರ, ಉತ್ತುತ್ತೆ ಇಂಥವನ್ನು ತಂಪಿನಲ್ಲಿ ಇಡುವ ದೊಡ್ಡ ಗೋಡೌನು ಅದು. ಯಾವ ಮೂಟೆ ಎಲ್ಲಿರಬೇಕು, ಯಾವುದು ಮೊದಲು ಲಾರಿಗೆ ಹೋಗಬೇಕು ಎಂದು ನೋಡಿಕೊಳ್ಳುವ ಉಸ್ತುವಾರಿ ಇವರದು. ನಾನು ಮನೆಯಲ್ಲಿ ಎರಡು ಸೀಮೆಹಸು ಸಾಕಿದ್ದೇನೆ. ಊರಿನ ಮಹಿಳಾ ಡೇರಿಯಲ್ಲಿ ಹಾಲು ಟೆಸ್ಟ್ ಮಾಡುವವಳೂ ನಾನೇ. ಮನೆಯಲ್ಲಿ ನಮ್ಮಿಬ್ಬರ ಜೊತೆ ಇರುವವರು ನಮ್ಮ ಅತ್ತೆ. ಒಬ್ಬಳೇ ಮಗಳು ಮುಳಬಾಗಿಲಿನಲ್ಲಿ ಗಂಡನ ಮನೆಯಲ್ಲಿದ್ದಾಳೆ. ಆಗ ಅವಳು ಹಸಿ ಬಾಣಂತಿ.

ಮೂರು ದಿನ ಮೆಡಿಕಲ್ ಶಾಪಿನ ಮಾತ್ರೆಯಲ್ಲಿ ಕಳೆದೆವು. ಜ್ವರ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಊರಿನಲ್ಲಿ ಎಲ್ಲರಿಗೂ ಬರುತ್ತಿರುವ ವೈರಲ್ ಜ್ವರವೇ ಇರಬೇಕು ಎಂದುಕೊಂಡೆ. ನಾಲ್ಕನೆಯ ದಿನ ಮುಖ ತೊಳೆಸಲು ಹೋದಾಗ ಕಣ್ಣು ನೋಡಿದೆ. ಕೆಂಪಗಿತ್ತು. ಪಿಸುರಿಲ್ಲ, ನೀರು ಸುರಿಯುವುದೂ ಇಲ್ಲ. ಬರೀ ಕೆಂಪು. ಐದನೆಯ ದಿನಕ್ಕೆ ಆ ಕೆಂಪಿನೊಳಗೆ ಹಳದಿ ಸೇರಿತ್ತು.

"ಒಂದಕ್ಕೆ ಹೋಗಿ ಎಷ್ಟೊತ್ತಾಯ್ತು?" ಎಂದು ಕೇಳಿದೆ.

ಬಹಳ ಹೊತ್ತು ಯೋಚಿಸಿದರು. "ನಿನ್ನೆ ಮಧ್ಯಾಹ್ನ ಹೋಗಿದ್ನಾ?" ಎಂದು ನನ್ನನ್ನೇ ಕೇಳಿದರು.

ಆಗ ಆಟೋ ಕರೆಸಿದೆ.

ಕೋಲಾರದ ಆಸ್ಪತ್ರೆಯಲ್ಲಿ ಇವರನ್ನು ನೋಡಿದ ಡಾಕ್ಟರ್ ನನ್ನ ತಂಗಿಯ ವಯಸ್ಸಿನ ಹೆಂಗಸು. ಕಣ್ಣಿನ ರೆಪ್ಪೆ ಎಳೆದು ನೋಡಿದರು. ಆಮೇಲೆ ಎರಡು ಬೆರಳಿನಿಂದ ಮೀನಖಂಡವನ್ನು ಮೆಲ್ಲಗೆ ಒತ್ತಿದರು. ಇವರು ಕಿರುಚಿಬಿಟ್ಟರು.

"ಹೊಲದ ಕೆಲಸ ಮಾಡ್ತೀರಾ? ನಿಂತ ನೀರಲ್ಲಿ ಓಡಾಡಿದ್ರಾ?"

"ಇಲ್ಲ ಮೇಡಂ."

"ಕೆಲಸ ಎಲ್ಲಿ?"

"ಗೋಡೌನಲ್ಲಿ. ಮೂಟೆ ನೋಡ್ಕೊಳ್ಳೋದು."

"ಅಲ್ಲಿ ಇಲಿ ಇದಾವಾ?"

ಇವರು ನನ್ನ ಕಡೆ ಒಂದು ಸಲ ನೋಡಿದರು. "ಇಲ್ಲ ಮೇಡಂ, ನೀಟಾಗೈತೆ. ಮನೇಲಿ ಎರಡು ಹಸು ಅವೆ."

ಡಾಕ್ಟರ್ ಅದನ್ನು ಬರೆದುಕೊಂಡರು.

ಮಾರನೆಯ ದಿನ ರಿಪೋರ್ಟ್ ಬಂತು. ಲೆಪ್ಟೋಸ್ಪೈರೋಸಿಸ್. ನಮ್ಮ ಕಡೆ ಇಲಿಜ್ವರ ಅನ್ನುತ್ತಾರೆ. ಇಲಿ, ನಾಯಿ, ಹಂದಿ, ದನ ಯಾವುದರ ಮೂತ್ರದಲ್ಲಾದರೂ ಇರಬಹುದಾದ ರೋಗಾಣು ನೀರಿನಲ್ಲಿ ಸೇರಿ, ಕಾಲಿನ ಒಡಕಿನಿಂದಲೋ ಗಾಯದಿಂದಲೋ ಮೈಯೊಳಗೆ ಹೋಗುತ್ತದಂತೆ. ಬೇಗ ಬಂದಿದ್ದರೆ ಮಾತ್ರೆಯಲ್ಲೇ ಹೋಗುತ್ತಿತ್ತಂತೆ.

"ಲಿವರ್‌ಗೂ ಹೋಗಿದೆ, ಕಿಡ್ನಿಗೂ ಹೋಗಿದೆ. ಕ್ರಿಯಾಟಿನಿನ್ ತುಂಬಾ ಜಾಸ್ತಿಯಾಗಿದೆ. ಇವತ್ತೇ ಡಯಾಲಿಸಿಸ್ ಶುರು ಮಾಡ್ಬೇಕು. ಇಲ್ಲಿ ಸಹಿ ಹಾಕಿ," ಅಂದರು ಡಾಕ್ಟರ್.

ಡಯಾಲಿಸಿಸ್ ಎಂದರೆ ಸಾವಿಗೆ ಹತ್ತಿರದವರಿಗೆ ಮಾಡುವುದು ಎಂದೇ ನಾನು ತಿಳಿದಿದ್ದೆ.

ಸಹಿ ಹಾಕಿದೆ.

ಕುತ್ತಿಗೆಗೆ ಕೊಳವೆ ಹಾಕಿದರು. ಇವರ ರಕ್ತ ಕೊಳವೆಯಲ್ಲಿ ಆಚೆ ಹೋಗಿ ಮೆಷಿನ್ ಸುತ್ತಿ ವಾಪಸ್ ಬರುವುದನ್ನು ನೋಡುತ್ತಾ ಬಾಗಿಲ ಗಾಜಿನ ಹೊರಗೆ ನಿಂತಿದ್ದೆ. ಹೊತ್ತು ಕಳೆಯುತ್ತಿರಲಿಲ್ಲ. ಒಳಗಿನಿಂದ ನರ್ಸ್ ಯಾರಾದರೂ ಬೇಗಬೇಗ ಬಂದರೆ ನನ್ನನ್ನೇ ಕರೆಯಲು ಬಂದರೆಂದುಕೊಳ್ಳುತ್ತಿದ್ದೆ. ಅವರು ನನ್ನನ್ನು ದಾಟಿ ಹೋದರೆ ಮತ್ತೆ ಗಾಜಿನ ಕಡೆ ತಿರುಗುತ್ತಿದ್ದೆ. ಹಾಸಿಗೆಗೆ ಕಟ್ಟಿದ ಯೂರಿನ್ ಬ್ಯಾಗ್ ನೋಡುವುದೇ ನನ್ನ ದಿನಚರಿಯಾಯಿತು. ತಳದಲ್ಲಿ ಟೀ ಬಣ್ಣದ ಒಂದಿಷ್ಟು ನೀರು ಇರುತ್ತಿತ್ತು. ಬೆಳಿಗ್ಗೆ ಇದ್ದಷ್ಟೇ ಸಂಜೆಯೂ.

ಅಷ್ಟರಲ್ಲಿ ಊರಿನಲ್ಲಿ ಸುದ್ದಿ ಹರಡಿತ್ತು. ಆರೋಗ್ಯ ಇಲಾಖೆಯವರು ಮನೆಗೆ ಬಂದು ಕೊಟ್ಟಿಗೆ ನೋಡಿ, ಬ್ಲೀಚಿಂಗ್ ಪೌಡರ್ ಹಾಕಿ ಹೋದರು. ಪಶುವೈದ್ಯರು ಬಂದು ಹಸುಗಳ ರಕ್ತ ತೆಗೆದುಕೊಂಡರು. ಅವರವರ ಕೆಲಸ ಅವರು ಮಾಡಿದರು. ಆದರೆ ನೋಡಿದವರಿಗೆ ಅಷ್ಟು ಸಾಕಾಯಿತು. ಡೇರಿಯ ಅಧ್ಯಕ್ಷೆ ಫೋನ್ ಮಾಡಿದಳು.

"ರತ್ನಕ್ಕಾ, ಬೇಜಾರ್ ಮಾಡ್ಕೋಬೇಡ. ನಿನ್ ಹಾಲು ಬೆರೆಸ್ಬೇಡಿ ಅಂತಾವ್ರೆ ಎಲ್ಲಾ. ನೀನೂ ಒಸಿ ದಿನ ಈ ಕಡೆ ಬರ್ಬೇಡ."

ಯಾರ ಹಾಲಿನಲ್ಲಿ ನೀರಿದೆ ಎಂದು ಮುಖ ನೋಡದೆ ಹೇಳಿ, ಕ್ಯಾನು ವಾಪಸ್ ಕಳಿಸುತ್ತಿದ್ದವಳು ನಾನು. ನನ್ನದೇ ಹಾಲು ವಾಪಸ್ ಬಂದಿತ್ತು. ಅತ್ತೆ ಎರಡು ಹೊತ್ತೂ ಕರೆದು ತೆಂಗಿನ ಬುಡಕ್ಕೆ ಸುರಿಯುತ್ತಿದ್ದರು.

"ಮಾರ್ಬಿಡಮ್ಮ ಆ ಹಸುಗಳ್ನ. ನನ್ ಮಗನ್ನ ತಿಂದಾಕ್ತಾವೆ," ಎಂದು ಫೋನಿನಲ್ಲಿ ಅತ್ತರು.

"ಆಯ್ತು ಅತ್ತೆ," ಅಂದೆ. ಬೇರೆ ಏನು ಹೇಳಲಿ? ನನಗೂ ಹಾಗೇ ಅನ್ನಿಸಲು ಶುರುವಾಗಿತ್ತು. ಸಗಣಿ ಬಾಚಿದ ಕೈಯನ್ನು ಸರಿಯಾಗಿ ತೊಳೆದಿದ್ದೆನೋ ಇಲ್ಲವೋ, ಗಂಜಲ ನಿಂತ ನೀರನ್ನು ಇವರು ತುಳಿದಿದ್ದರೋ ಏನೋ ಎಂದು ಹಿಂದಿನ ಒಂದೊಂದು ದಿನವನ್ನೂ ಎಳೆದು ನೋಡಿಕೊಳ್ಳುತ್ತಾ, ವಾರ್ಡಿನ ಹೊರಗಿನ ಬೆಂಚಿನ ಮೇಲೆ ನನ್ನನ್ನು ನಾನೇ ಬೈದುಕೊಂಡೆ. ಹಾಗೆ ಎಳೆಯುತ್ತಾ ಹೋದಾಗಲೇ ಒಂದು ವಿಷಯ ಹೊಳೆಯಿತು. ಇವರು ಕೊಟ್ಟಿಗೆಗೆ ಕಾಲಿಟ್ಟದ್ದನ್ನು ನಾನು ಕಂಡೇ ಇಲ್ಲ. ಸಗಣಿ ವಾಸನೆ ಆಗುವುದಿಲ್ಲ ಎಂದು ಹಿತ್ತಿಲ ಬಾಗಿಲಿಗೂ ಬರುತ್ತಿರಲಿಲ್ಲ. ಬರಿಗಾಲಲ್ಲಿ ದಿನಾ ಕೊಟ್ಟಿಗೆ ತೊಳೆಯುವವಳು ನಾನು.

ಹಾಗಾದರೆ ಜ್ವರ ನನಗಲ್ಲವೇ ಬರಬೇಕಿತ್ತು?

ಇವರನ್ನೇ ಕೇಳಿದೆ. ಗೋಡೆ ಕಡೆ ಮುಖ ತಿರುಗಿಸಿ, "ಸುಸ್ತಾಗ್ತೈತೆ," ಅಂದರು.

ಚಿಕಿತ್ಸೆಗೆ ಇವರ ಹೆಲ್ತ್ ಕಾರ್ಡಿನ ಅಸಲು ಪ್ರತಿ ಬೇಕು ಎಂದರು ಆಸ್ಪತ್ರೆಯವರು. ಅದು ಗೋಡೌನಿನಲ್ಲಿ ಇವರ ಬ್ಯಾಗಿನಲ್ಲಿತ್ತು.

"ನೀನ್ ಹೋಗ್ಬೇಡ. ಚಲಪತಿಗೆ ಫೋನ್ ಮಾಡು, ತಂದ್ಕೊಡ್ತಾನೆ," ಎಂದು ಆ ನಿತ್ರಾಣದಲ್ಲೂ ಎರಡು ಸಲ ಹೇಳಿದರು.

ಚಲಪತಿ ಅಲ್ಲಿ ಮೂಟೆ ಹೊರುವವರ ಮುಂದಾಳು. ಶ್ರೀನಿವಾಸಪುರದ ಆಚೆ ಗೌನಿಪಲ್ಲಿ ಕಡೆಯವನು. ಫೋನ್ ಎತ್ತಲಿಲ್ಲ. ಮಧ್ಯಾಹ್ನ ನಾನೇ ಆಟೋ ಹಿಡಿದು ಹೋದೆ. ಮುಂದಿನ ಗೇಟಿಗೆ ಬೀಗ ಹಾಕಿತ್ತು. ಸುತ್ತಿ ಹಿಂದಿನ ಬಾಗಿಲಿಗೆ ಹೋದಾಗ ಚಲಪತಿ ಕಂಡ. ನನ್ನನ್ನು ಅತ್ತಿಗೆ ಅನ್ನುವ ಬದಲು ತೆಲುಗಿನಲ್ಲಿ ವದಿನಾ ಅನ್ನುತ್ತಾನೆ.

"ಅಯ್ಯೋ ವದಿನಾ, ನೀವ್ಯಾಕೆ ಬಂದ್ರಿ? ಒಳಗ್ ಬರ್ಬೇಡಿ."

ಅಷ್ಟರಲ್ಲಿ ನಾನು ಒಳಗಿದ್ದೆ.

ಮೊದಲು ಮೂಗಿಗೆ ಹೊಡೆದದ್ದು ಮೂತ್ರದ ಘಾಟು. ನಮ್ಮ ಕೊಟ್ಟಿಗೆಯದಲ್ಲ, ಕಣ್ಣಲ್ಲಿ ನೀರು ಬರಿಸುವಂಥದ್ದು. ತಂಪಿನ ಮೆಷಿನ್ ಕೆಟ್ಟು ಸೋರುತ್ತಿತ್ತು. ಮೋರಿ ಕಟ್ಟಿಕೊಂಡು ಹಿಮ್ಮಡಿ ಮುಳುಗುವಷ್ಟು ಕಪ್ಪು ನೀರು ನೆಲದ ತುಂಬ ನಿಂತಿತ್ತು. ಕೆಳಗಿನ ಸಾಲಿನ ಮೂಟೆಗಳು ಆ ನೀರು ಕುಡಿದು ಊದಿಕೊಂಡಿದ್ದವು. ಹುಣಸೆಹಣ್ಣಿನ ಚೀಲಗಳಲ್ಲಿ ಇಲಿ ಕೊರೆದ ತೂತುಗಳು. ಒಂದು ಇಲಿ ಸತ್ತು ತೇಲುತ್ತಿತ್ತು. ಬದುಕಿದ್ದವು ನಮ್ಮನ್ನು ಕಂಡೂ ಓಡಲಿಲ್ಲ. ಅಲ್ಲೇ ಎತ್ತರದ ಜಾಗದಲ್ಲಿ ನಾಲ್ಕು ಜನ ಹೆಂಗಸರು ಕೂತು ಉತ್ತುತ್ತೆಯಿಂದ ಇಲಿ ಹಿಕ್ಕೆ ಆರಿಸಿ, ಬಟ್ಟೆಯಲ್ಲಿ ಒರೆಸಿ, ಹೊಸ ಚೀಲಕ್ಕೆ ತುಂಬುತ್ತಿದ್ದರು.

"ಅಣ್ಣ ಒಂದ್ ವಾರ ಈ ನೀರಲ್ಲೇ ಬರಿಗಾಲಲ್ಲಿ ನಿಂತು ಮೂಟೆ ಎತ್ತಿಸ್ದ. ಹಿಮ್ಮಡಿ ಒಡೆದು ರಕ್ತ ಬರ್ತಿತ್ತು. ಬೂಟ್ ಹಾಕ್ಕೋ ಅಣ್ಣಾ ಅಂದೆ, ಕೇಳ್ಲಿಲ್ಲ," ಅಂದ ಚಲಪತಿ.

"ಇದನ್ನ ಬಿಸಾಕಲ್ವಾ?"

"ಯಾಕ್ ಬಿಸಾಕ್ತಾರೆ? ಚೀಲ ಬದಲಾಯ್ಸಿ ಹೊಸ ಚೀಟಿ ಹೊಲಿತಾರೆ. ಮಾಲೂರು, ಶ್ರೀನಿವಾಸಪುರ, ಮುಳಬಾಗಿಲು, ಎಲ್ಲಾ ಕಡೆ ಅಂಗಡಿಗೆ ಹೋಗ್ತದೆ."

"ಚೀಟಿ ಬರೆಯೋರು ಯಾರು?"

ನಾನು ಬಗ್ಗಿ ಹತ್ತಿರದ ಚೀಲದ ಚೀಟಿ ನೋಡಿದೆ. ಹೊಸ ಸರಕು ಎಂದು ಈ ತಿಂಗಳ ತಾರೀಖು ಹಾಕಿತ್ತು.

ಅಕ್ಷರ ನಮ್ಮ ಯಜಮಾನರದು.

ಮಗಳ ಬಾಣಂತನಕ್ಕೆ ಉತ್ತುತ್ತೆ ಬೇಕಾದಾಗ ಗೋಡೌನಿನಿಂದಲೇ ತನ್ನಿ ಎಂದಿದ್ದೆ. "ಕೆಲಸ ಮಾಡೋ ಜಾಗದಿಂದ ಒಂದ್ ಕಾಳೂ ಮನೆಗೆ ತರಬಾರ್ದು," ಎಂದು ಬೆಂಗಳೂರಿಗೆ ಹೋಗಿ ಕೊಂಡು ತಂದಿದ್ದರು. ಎಂಥ ಪ್ರಾಮಾಣಿಕ ಎಂದು ನಾನು ಡೇರಿಯಲ್ಲೆಲ್ಲ ಹೇಳಿಕೊಂಡಿದ್ದೆ. ಬೇರೆಯವರ ಮನೆಯ ಬಾಣಂತಿಯರು ಏನು ತಿಂದರೋ.

ಕಾರ್ಡ್ ತೆಗೆದುಕೊಂಡು ಬಂದೆ. ಇವರು ಕಣ್ಣು ಮುಚ್ಚಿ ಮಲಗಿದ್ದರು, ತುಟಿ ಒಡೆದಿತ್ತು. ಒದ್ದೆ ಹತ್ತಿಯಿಂದ ತುಟಿ ಒರೆಸಿದೆ. ಕೋಪ ಬಂದಿತ್ತು. ಆದರೆ ಹೀಗೆ ಮಲಗಿರುವ ಮನುಷ್ಯನನ್ನು ಹೇಗೆ ಬೈಯುವುದು? ಬೈದ ಮೇಲೆ ಇವರಿಗೆ ಏನಾದರೂ ಆಗಿಹೋದರೆ ಆ ಮಾತನ್ನು ಎಲ್ಲಿ ಇಟ್ಟುಕೊಂಡು ಬದುಕುವುದು? ಏನೂ ಕೇಳಲಿಲ್ಲ. ಡಾಕ್ಟರ್ ರೌಂಡ್ಸಿಗೆ ಬಂದಾಗ ಕಾರಿಡಾರಿಗೆ ಕರೆದು, ನೋಡಿದ್ದನ್ನೆಲ್ಲ ಹೇಳಿದೆ.

ಅವರು ಪೆನ್ನು ತೆಗೆದು ಕೇಸ್ ಶೀಟಿನಲ್ಲಿ ಹಳೆಯ ಮಾತಿನ ಪಕ್ಕ ಹೊಸದನ್ನು ಬರೆದರು. "ನಾನು ಆರೋಗ್ಯ ಇಲಾಖೆಗೆ ತಿಳಿಸ್ತೀನಿ. ಆದ್ರೆ ಗೋಡೌನಿಗೆ ಹೋಗೋಕೆ ಆಹಾರ ಸುರಕ್ಷತೆಯವರೇ ಬೇಕು. ನೀವೇ ದೂರು ಕೊಟ್ರೆ ಬೇಗ ಆಗುತ್ತೆ. ಯೋಚನೆ ಮಾಡಿ."

ಯೋಚಿಸಲು ಪುರಸೊತ್ತು ಸಿಗಲಿಲ್ಲ. ಸಂಜೆ ಗೋಡೌನಿನ ಮಾಲೀಕರೇ ಒಂದು ಚೀಲ ಮೂಸಂಬಿ ಹಿಡಿದು ವಾರ್ಡಿಗೆ ಬಂದರು. ಇವರ ತಲೆ ಸವರಿದರು. ಹೊರಡುವಾಗ ನನ್ನನ್ನು ಬಾಗಿಲವರೆಗೆ ಕರೆದರು.

"ಡಾಕ್ಟ್ರು ಹಸು ಅಂತ ಬರ್ಕೊಂಡವ್ರಂತೆ. ಅದು ಹಂಗೇ ಇರ್ಲಮ್ಮ. ಸ್ವಾಮಿ ಗುಣ ಆಗ್ಲಿ, ಅವನ ಕೆಲಸ ಎಲ್ಲಿಗೂ ಹೋಗಲ್ಲ." ನಗುತ್ತಲೇ, "ಚೀಟಿ ಮೇಲೆಲ್ಲಾ ಇರೋದು ಅವನ ಕೈಬರಹಾನೇ ಅಲ್ವಾ," ಅಂದರು.

ನಾನು ಹೋಗಿ ಬಂದದ್ದು ಅವರಿಗೆ ಗೊತ್ತಾಗಿತ್ತು.

ಅವರ ಕಾರು ಹೊರಟ ಸ್ವಲ್ಪ ಹೊತ್ತಿಗೆ ಚಲಪತಿಯ ಫೋನ್ ಬಂತು. ಪಿಸುಗುಟ್ಟುತ್ತಿದ್ದ. "ವದಿನಾ, ನಾಳೆ ಮಧ್ಯಾಹ್ನಕ್ಕೆ ಎರಡು ಲಾರಿ ಬರ್ತಾವೆ. ಎಲ್ಲಾ ಖಾಲಿ ಮಾಡಿಸ್ತಾರೆ. ಮೊದಲ್ನೇದು ಮುಳಬಾಗಿಲಿಗೆ."

ಬೆಳಿಗ್ಗೆ ಕಚೇರಿ ಬಾಗಿಲು ತೆರೆಯುವ ಮೊದಲೇ ನಾನು ಅಲ್ಲಿ ನಿಂತಿದ್ದೆ. ಆಹಾರ ಸುರಕ್ಷತಾ ಅಧಿಕಾರಿ ಪೂರ್ತಿ ಕೇಳಿಸಿಕೊಂಡರು. ಒಂದು ಬಿಳಿ ಹಾಳೆ ಮುಂದೆ ಇಟ್ಟರು.

"ಬರೆದು ಸಹಿ ಮಾಡಿ ಕೊಡಿ. ಆದ್ರೆ ಒಂದು ವಿಷಯ ತಿಳ್ಕೊಳ್ಳಿ ಅಮ್ಮ. ನಿಮ್ಮ ಯಜಮಾನರ ಹೆಸರೂ ಇದರಲ್ಲಿ ಬರುತ್ತೆ."

"ಗೊತ್ತು ಸಾರ್."

"ಅವರಿಗೆ ಹೇಳಿದ್ದೀರಾ?"

"ಇಲ್ಲ ಸಾರ್."

ಅವರು ಪೆನ್ನನ್ನು ನನ್ನ ಕಡೆ ತಳ್ಳಿದರು. ನಾನು ಬರೆದೆ. ಇವರು ಚೀಟಿ ಬರೆದದ್ದನ್ನೂ ಬಿಡಲಿಲ್ಲ. ಪೊಲೀಸರು ಬರಬೇಕು, ತಾಲ್ಲೂಕು ಕಚೇರಿಗೆ ಹೇಳಬೇಕು, ಸ್ಯಾಂಪಲ್ ತೆಗೆಯಲು ಸಾಮಾನು ಬೇಕು ಎಂದು ಅವರು ಒಂದರ ಮೇಲೊಂದು ಫೋನ್ ಮಾಡುತ್ತಿದ್ದರು. ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಹನ್ನೊಂದಕ್ಕೆ ಇವರಿಗೆ ಮೂರನೆಯ ಡಯಾಲಿಸಿಸ್. ನಾನು ಎದ್ದು ಆಸ್ಪತ್ರೆಗೆ ಓಡಿದೆ.

ಅವತ್ತಿನ ಡಯಾಲಿಸಿಸ್ ಸುಲಭವಾಗಿ ಹೋಗಲಿಲ್ಲ. ಅರ್ಧಕ್ಕೆ ಬಿಪಿ ಇಳಿಯಿತು. ಗಾಜಿನ ಆಚೆ ಒಬ್ಬರ ಹಿಂದೆ ಒಬ್ಬರು ನರ್ಸ್‌ಗಳು ಓಡಿಬಂದರು. ಹಾಸಿಗೆಯ ತಲೆ ಕಡೆ ತಗ್ಗಿಸಿದರು. ಇವರ ಕೈ ಹಾಸಿಗೆಯಿಂದ ಈಚೆಗೆ ಜೋತುಬಿದ್ದಿತ್ತು, ಯಾರೂ ಅದನ್ನು ಎತ್ತಿ ಇಡಲಿಲ್ಲ. ಡಾಕ್ಟರ್ ಜೋರಾಗಿ ಏನೋ ಹೇಳುತ್ತಿದ್ದರು, ನನಗೆ ಕೇಳಿಸುತ್ತಿರಲಿಲ್ಲ. ಕೈಯಲ್ಲಿದ್ದ ಫೋನ್ ಆಗಲೇ ನಡುಗಿತು. ಎತ್ತಿದೆ.

"ಬಂದ್ರು ವದಿನಾ. ಮೂರು ಜೀಪು. ಲಾರಿಗೆ ಅರ್ಧ ಲೋಡ್ ಆಗಿತ್ತು, ಬೀಗದ ಕೈ ಕಿತ್ಕೊಂಡ್ರು."

ಗಾಜಿನ ಆಚೆ ಒಬ್ಬ ನರ್ಸ್ ಇವರ ಕೈಯನ್ನು ಎತ್ತಿ ಎದೆಯ ಮೇಲೆ ಇಟ್ಟಳು. ಇವರ ಬೆರಳು ಮೆಲ್ಲಗೆ ಆಡಿದವು. ಆಮೇಲೆ ಫೋನ್ ಕಿವಿಯಿಂದ ತೆಗೆದೆ.

ಅಧಿಕಾರಿಗಳು ಗೋಡೌನಿಗೆ ಸೀಲ್ ಹಾಕಿದರು. ಪ್ರತಿಯೊಂದು ಸಾಲಿನಿಂದಲೂ ಸ್ಯಾಂಪಲ್ ತೆಗೆದರು. ಅಲ್ಲಿ ತೆಗೆದ ವಿಡಿಯೋ ಸಂಜೆಯೊಳಗೆ ಎಲ್ಲರ ಮೊಬೈಲಿಗೆ ಬಂತು. ಪಕ್ಕದ ಹಾಸಿಗೆಯವರ ಮೊಬೈಲಿನಲ್ಲಿ ಇವರೂ ನೋಡಿದರು. ಮೊಬೈಲ್ ವಾಪಸ್ ಕೊಟ್ಟು ಕೇಳಿದರು.

"ಯಾರು ಹೇಳಿದ್ದು?"

"ನಾನೇ."

ಎರಡು ದಿನ ಮಾತು ನಿಂತಿತು. ಗಂಜಿ ಚಮಚ ಬಾಯಿಯ ಹತ್ತಿರ ಹಿಡಿದರೆ ಬಾಯಿ ತೆರೆಯುತ್ತಿದ್ದರು, ಅಷ್ಟೇ. ಕಣ್ಣು ನನ್ನ ಕಡೆ ಬರುತ್ತಿರಲಿಲ್ಲ. ಗಂಡನ ಕುತ್ತಿಗೆಗೆ ನಾನೇ ಹಗ್ಗ ಹಾಕಿದೆನೇನೋ ಎಂದು ನನಗೂ ಅನ್ನಿಸುತ್ತಿತ್ತು. ಮಾಡಿದ್ದು ಸರಿ ಎಂದು ತಿಳಿದಿದ್ದರೂ ಹೆದರಿಕೆ ಹೋಗುವುದಿಲ್ಲ. ಎರಡೂ ಒಂದೇ ಎದೆಯಲ್ಲಿ ಇರುತ್ತವೆ ಎಂದು ಆಗ ಗೊತ್ತಾಯಿತು.

ಮೂರನೆಯ ದಿನ ಬೆಳಿಗ್ಗೆ ಯೂರಿನ್ ಬ್ಯಾಗಿನಲ್ಲಿ ಅರ್ಧಕ್ಕೂ ಮೇಲೆ ತುಂಬಿತ್ತು. ಬಣ್ಣವೂ ತಿಳಿಯಾಗಿತ್ತು. ನರ್ಸನ್ನು ಕರೆದೆ. ಅವಳು ಅಳತೆ ನೋಡಿ, "ಔಟ್‌ಪುಟ್ ಬರ್ತಿದೆ ಆಂಟಿ!" ಎಂದು ಡಾಕ್ಟರಿಗೆ ಹೇಳಲು ಹೋದಳು. ಇವರು ನಮ್ಮಿಬ್ಬರನ್ನೂ ನೋಡುತ್ತಿದ್ದರು.

"ರತ್ನಾ," ಅಂದರು. "ಬಾಯಿ ತಪ್ಪಿ ಹಸು ಅಂದ್ಬಿಟ್ಟೆ ಕಣೇ. ನಿನ್ ಮುಖ ನೋಡ್ದೆ. ಆಮೇಲೆ ವಾಪಸ್ ತಗೊಳ್ಳಕ್ಕೆ ಧೈರ್ಯ ಆಗ್ಲಿಲ್ಲ."

"ಬಾಯಿ ತಪ್ಪಿ ಅಲ್ಲ," ಅಂದೆ. "ಗೊತ್ತಿದ್ದೇ ಅಂದ್ರಿ."

"ಹೂಂ. ಗೊತ್ತಿದ್ದೇ ಅಂದೆ."

ಅಷ್ಟು ಹೇಳಿದ ಮೇಲೆ ಅತ್ತರು. ಮೈಯಲ್ಲಿ ನೀರೇ ಇಲ್ಲದ ಹಾಗಿದ್ದ ಮನುಷ್ಯ ಎಷ್ಟೋ ಹೊತ್ತು ಅತ್ತರು. ನಾನು ಬೇಡ ಅನ್ನಲಿಲ್ಲ.

ಮಾರನೆಯ ದಿನ ಅಧಿಕಾರಿ ಹೇಳಿಕೆ ಪಡೆಯಲು ವಾರ್ಡಿಗೆ ಬಂದರು. ಇವರು ಯಾವುದನ್ನೂ ಮುಚ್ಚಿಡಲಿಲ್ಲ. ಮೆಷಿನ್ ಕೆಟ್ಟು ಎಷ್ಟು ದಿನವಾಗಿತ್ತು, ಯಾವ ಮೂಟೆಗೆ ಯಾರು ಹೇಳಿದಂತೆ ತಾವು ಹೊಸ ತಾರೀಖು ಬರೆದರು, ಎಲ್ಲೆಲ್ಲಿಗೆ ಕಳಿಸಿದರು ಎಲ್ಲವನ್ನೂ ನಿಲ್ಲಿಸಿ ನಿಲ್ಲಿಸಿ ಹೇಳಿದರು. ಕೊನೆಗೆ, "ಅದನ್ನ ತಿಂದೋರಿಗೆ ಏನಾಯ್ತು ಅಂತ ನಂಗೊತ್ತಿಲ್ಲ ಸಾರ್," ಅಂದರು. ಅಧಿಕಾರಿ ಅದನ್ನೂ ಬರೆದುಕೊಂಡರು.

ಕಿಡ್ನಿ ನಿಧಾನವಾಗಿ ವಾಪಸ್ ಬಂತು. ಕುತ್ತಿಗೆಯ ಕೊಳವೆ ತೆಗೆದರು. ಇಪ್ಪತ್ತೊಂದನೆಯ ದಿನ ಡಿಸ್ಚಾರ್ಜ್ ಆಯಿತು. ಹಸುಗಳ ರಕ್ತದಲ್ಲಿ ಏನೂ ಇಲ್ಲ ಎಂದು ರಿಪೋರ್ಟ್ ಬಂತು. ಅದನ್ನು ಡೇರಿಯ ಬಾಗಿಲಿಗೆ ಅಂಟಿಸಿದೆ. ಆದರೂ ಇಬ್ಬರು ಹೆಂಗಸರು ಇವತ್ತಿಗೂ ನನ್ನ ಕ್ಯಾನಿನಿಂದ ದೂರ ನಿಲ್ಲುತ್ತಾರೆ. ಅತ್ತೆ ಹಸು ಮಾರುವ ಮಾತು ಬಿಟ್ಟರು. ಗೋಡೌನಿನ ಸರಕು ತಿನ್ನಲು ಯೋಗ್ಯವಲ್ಲ ಎಂದು ಲ್ಯಾಬಿನವರು ಹೇಳಿದ ಮೇಲೆ ಅಷ್ಟನ್ನೂ ಹಳ್ಳ ತೋಡಿ ಹೂತರು. ಅಲ್ಲಿ ಕೆಲಸ ಮಾಡುತ್ತಿದ್ದವರಿಗೆಲ್ಲ ಆರೋಗ್ಯ ಇಲಾಖೆಯವರು ರಕ್ತ ಪರೀಕ್ಷೆ ಮಾಡಿಸಿದರು. ಚಲಪತಿಗೂ ಸೋಂಕು ತಗುಲಿತ್ತು. ಬೇಗ ತಿಳಿದದ್ದರಿಂದ ಮಾತ್ರೆಯಲ್ಲೇ ಗುಣವಾದ. ಕೆಲಸ ಮಾತ್ರ ಎಲ್ಲರದೂ ಹೋಯಿತು. ಆ ನಾಲ್ಕು ಹೆಂಗಸರದೂ. ಚಲಪತಿ ಈಗ ಟೊಮೆಟೊ ಮಾರ್ಕೆಟ್ಟಿನಲ್ಲಿ ಬಾಕ್ಸ್ ಹೊರುತ್ತಾನೆ. ಅದನ್ನು ನೆನೆದಾಗ ನನಗೆ ಸಮಾಧಾನವಿಲ್ಲ.

ಕೇಸು ನಡೆಯುತ್ತಿದೆ. ಮಾಲೀಕರ ಹೆಸರಿನ ಜೊತೆ ಇವರ ಹೆಸರೂ ಇದೆ. ಸಾಕ್ಷಿಯೋ ಆರೋಪಿಯೋ ಇನ್ನೂ ಹೇಳಿಲ್ಲ. ಹೋದ ವಾರ ವಿಚಾರಣೆಗೆ ಕೋಲಾರದ ಕಚೇರಿಗೆ ಕರೆದಿದ್ದರು. ಇವರು ಒಬ್ಬರೇ ಒಳಗೆ ಹೋದರು, ನಾನು ಹೊರಗಿನ ಬೆಂಚಿನಲ್ಲಿ ಕೂತೆ. ಬಿಸಿಲು ನನ್ನ ಕಾಲಿನಿಂದ ಗೋಡೆಗೆ ಸರಿಯುವಷ್ಟು ಹೊತ್ತಾಯಿತು. ಬಾಗಿಲು ತೆರೆದು ಬಂದವರ ಅಂಗಿ ಬೆವರಿಗೆ ಮೈಗಂಟಿತ್ತು.

"ಏನ್ ಕೇಳಿದ್ರು?"

"ಎಲ್ಲಾ ಕೇಳಿದ್ರು."

"ಏನಂದ್ರಿ?"

"ಎಲ್ಲಾ ಹೇಳ್ದೆ." ನನ್ನ ಪಕ್ಕ ಕೂತು ಉಸಿರು ಬಿಟ್ಟರು. ಆಮೇಲೆ, "ಹಸಿವಾಗ್ತೈತೆ ಕಣೇ," ಅಂದರು.

ಕಾಯಿಲೆ ಬಿದ್ದ ಮೇಲೆ ಇವರು ತಾವಾಗಿಯೇ ಹಸಿವು ಎಂದದ್ದು ಅದೇ ಮೊದಲು. ನಾನು ಬೆಳಿಗ್ಗೆ ಮಾಡಿ ತಂದಿದ್ದ ಮೊಸರನ್ನದ ಡಬ್ಬಿ ಬಿಚ್ಚಿ ಕೈಗೆ ಕೊಟ್ಟೆ. ಅಲ್ಲೇ ಬೆಂಚಿನ ಮೇಲೆ ಕೂತು ತಿಂದರು. ಒಂದು ಅಗುಳೂ ಉಳಿಸಲಿಲ್ಲ.